ಮೂವತ್ತೈದು ನಿಮಿಷ

ಗಡಿಯಾರ ಹಿಡಿಯಲು ನನಗೀಗ ಬಲಗೈ ಒಂದೇ.
ಎಡಗೈಯಲ್ಲಿ ಎರಡು ಸೂಜಿ, ಎರಡು ಕೊಳವೆ;
ಒಂದರಲ್ಲಿ ರಕ್ತ ಹೋಗುತ್ತದೆ, ಇನ್ನೊಂದರಲ್ಲಿ ಬರುತ್ತದೆ,
ಲಾಂಡ್ರಿಗೆ ಹಾಕಿದ ಬಟ್ಟೆ ಮನೆಗೆ ಮರಳಿದ ಹಾಗೆ.
ಯಂಗ್ಸ್‌ಟೌನಿನ ಮಾರ್ಕೆಟ್ ಬೀದಿ, ಕಿಟಕಿಯ ಪಕ್ಕದ ಆರನೆಯ ಕುರ್ಚಿ,
ಸೋಮವಾರ, ಬುಧವಾರ, ಶುಕ್ರವಾರ,
ಬೆಳಗಿನ ಐದೂವರೆಯಿಂದ ನಾಲ್ಕು ಗಂಟೆ.
ನನ್ನ ಮೂತ್ರಪಿಂಡಗಳೂ ನಮ್ಮ ಉಕ್ಕಿನ ಕಾರ್ಖಾನೆಯ ಹಾಗೆ
ನೋಟಿಸು ಕೊಡದೆ ಮುಚ್ಚಿಕೊಂಡವು.

ಎಂಟಕ್ಕೆ ವರ್ನೀಸಳಿಗೆ ಮುಕ್ಕಾಲು ಗಂಟೆ ಬಿಡುವು.
ಕೈಗವಸು ಕಳಚಿ, ತಿಂಡಿಯ ಡಬ್ಬಿ ತೆರೆಯದೆ,
ಕಿಟಕಿಯ ಕಟ್ಟೆಯ ಮೇಲೆ ಹಳೆಯ ಪ್ರಶ್ನೆಪತ್ರಿಕೆ ಹರಡಿ
'ಶುರು ಮಾಡಿ, ಮಿಸ್ಟರ್ ಹ್ರಿಂಕೊ' ಅನ್ನುತ್ತಾಳೆ.
ಕಾನೂನು ಕಾಲೇಜಿನ ಬಾಗಿಲಿಗೆ ಇದೇ ಬೀಗವಂತೆ:
ಮೂವತ್ತೈದು ನಿಮಿಷ,
ಇಪ್ಪತ್ತೈದು ಪ್ರಶ್ನೆ, ಒಂದೊಂದಕ್ಕೂ ಐದು ಉತ್ತರ,
ನಾಲ್ಕು ಸುಳ್ಳು, ಅದರಲ್ಲೊಂದು ಬಲು ಚೆಲುವಾದ ಸುಳ್ಳು.
'ಪ್ರತಿ ಸಲ ನನ್ನನ್ನು ಕೆಡಿಸುವುದು ಆ ಚೆಲುವನೇ,
ಮೊದಲ ಗಂಡನ ಥರ.'

ಮೊದಲು ಕುರ್ಚಿಗಳ ಆಟವೂ ಇತ್ತು.
ಏಳು ಜನ, ಏಳು ಕುರ್ಚಿ: ಇವನು ಅವಳ ಪಕ್ಕ ಕೂರುವಂತಿಲ್ಲ,
ಅವಳು ಕೊನೆಯಲ್ಲಿದ್ದರೆ ಇನ್ನೊಬ್ಬ ನಡುವೆಯೇ ಇರಬೇಕು.
ಅದರಲ್ಲಿ ವರ್ನೀಸಳದು ಎತ್ತಿದ ಕೈ. ಇಲ್ಲಿ ದಿನವೂ ಅದೇ ತಾನೆ:
ಮಿಸೆಸ್ ಒಕಾಸಿಯೊಗೆ ಎಸಿಯ ಗಾಳಿ ಆಗದು,
ಯೂರಿಕ್ ಅಣ್ಣತಮ್ಮಂದಿರಿಗೆ ಮಾತಿಲ್ಲ ಕತೆಯಿಲ್ಲ,
ನನಗೆ ಕಿಟಕಿ ಬೇಕು.
ಎರಡು ವರ್ಷ ಅವಳು ಅದನ್ನು ಅರೆದು ಕುಡಿದ ಮೇಲೆ
ಪರೀಕ್ಷೆಯವರು ಆ ಭಾಗವನ್ನೇ ಕಿತ್ತುಹಾಕಿದರು.
ಸುದ್ದಿ ಓದಿ, ಫೋನು ಜೇಬಿಗಿಟ್ಟು,
ಎರಡನೆಯ ಕುರ್ಚಿಯ ರಕ್ತದೊತ್ತಡ ನೋಡಲು ಹೋದಳು.

ಈಗ ಉಳಿದದ್ದು ತರ್ಕ. ಬೇಕು ಬೇರೆ, ಸಾಕು ಬೇರೆ,
ಬೆರೆಸಿದವರು ಕೆಟ್ಟರು, ಅನ್ನುತ್ತಾಳೆ.
ನಾನು ಕ್ರೇನ್ ಓಡಿಸಿದವನು. ನನಗೆ ತಿಳಿದದ್ದು ಇಷ್ಟು:
ನೀರು ಬೇಕು; ದಿನಕ್ಕೊಂದು ಲೀಟರು ಸಾಕು ಅಂತಾರೆ, ಸಾಲದು.
ಈ ಯಂತ್ರ ಬೇಕು; ಇದೊಂದೇ ಸಾಲದು.
ಗೇಟಿಗೆ ಬೀಗ ಬಿದ್ದ ವಾರ ಯಾವುದೋ ಕಾಗದಕ್ಕೆ
ಓದದೆ ಸಹಿ ಹಾಕಿದೆ,
ಅದಕ್ಕೊಂದು ಪೆನ್ನು ಸಾಕಾಯಿತು.
ಬೇಕಿದ್ದದ್ದು, ಭುಜದ ಹಿಂದೆ ನಿಂತು
'ತಡೀರಿ, ಮೂರನೆಯ ಸಾಲು ಇನ್ನೊಮ್ಮೆ ಓದಿ' ಅನ್ನುವ ಒಬ್ಬಳು.

ಒಂದು ತಪ್ಪು ಒಪ್ಪಿಕೊಳ್ಳಬೇಕು.
ಅಕ್ಟೋಬರಿನಲ್ಲಿ ಅವಳ ಅಂಕ
ಕೆಸರಿಗೆ ಸಿಕ್ಕ ಲಾರಿಯ ಹಾಗೆ ಕೂತುಬಿಟ್ಟಿತ್ತು.
ನಾನು ಸದ್ದಿಲ್ಲದೆ
ಎರಡು ನಿಮಿಷ ತಡವಾಗಿ ಗುಂಡಿ ಒತ್ತತೊಡಗಿದೆ.
ಅಂಕ ಏರಿತು. ಮೂರನೆಯ ದಿನ ಅವಳು ಡಬ್ಬಿ ತೆರೆದು ತಿಂದಳು,
ಏನೋ ಗುನುಗಿದಳು ಕೂಡ.
ನಾಲ್ಕನೆಯ ದಿನ ಗೋಡೆಯ ಗಡಿಯಾರ ನೋಡಿದಳು,
ಆಮೇಲೆ ನನ್ನನ್ನು.

'ಪ್ರತಿ ಶುಕ್ರವಾರ ನೀವು, ಮಿಸ್ಟರ್ ಹ್ರಿಂಕೊ,
ಹದಿನೈದು ನಿಮಿಷ ಮೊದಲೇ ಬಿಡಿಸು ಅಂತ ಗೋಗರೆಯುತ್ತೀರಿ.
ಒಂದು ಸಲವಾದರೂ ಬಿಡಿಸಿದ್ದೇನೆಯೇ?'
ಇಲ್ಲ.
'ಯಾಕೆ?'
ಕೊಳವೆ ನೋಡುತ್ತ ಕೂತೆ.
ಐದು ಉತ್ತರ ಹೊಳೆದವು. ಚೆಲುವಾದದ್ದನ್ನು
ಹೇಳಹೋಗಿ ನುಂಗಿಕೊಂಡೆ.

ಇವತ್ತು ಶುಕ್ರವಾರ. ನಾಳೆ ಪರೀಕ್ಷೆ.
ಹೊರಗೆ ಹಿಮ, ಮನೆಗೊಯ್ಯುವ ವ್ಯಾನು ತಡವಂತೆ.
ಇಪ್ಪತ್ನಾಲ್ಕನೆಯ ಪ್ರಶ್ನೆಯ ಮೇಲೆ ಅವಳ ಪೆನ್ಸಿಲ್ಲು ನಿಂತಿದೆ,
ತುಟಿ ಅಲುಗುತ್ತಿದೆ, ಇನ್ನರ್ಧ ನಿಮಿಷ ಸಿಕ್ಕರೆ ಸಾಕು.
ನನ್ನ ಹೆಬ್ಬೆರಳು ಗುಂಡಿಯ ಮೇಲೆ.

'ಆಯ್ತು' ಅಂದೆ.

ಪೆನ್ಸಿಲ್ಲು ಕೆಳಗಿಟ್ಟಳು. ಹೊಸ ಕೈಗವಸು ತೊಟ್ಟು,
ನನ್ನ ಯಂತ್ರದ ಪರದೆಯತ್ತ ಬಗ್ಗಿ
'ನಿಮಗಿನ್ನೂ ಐವತ್ತೆರಡು ನಿಮಿಷ' ಅಂದಳು.